ಕೂತು ಉಣ್ಣುವ ಸಿಮ್ಮಿನ ಪರವಾಗಿ

ಇವರಿಗೆ,
ದರ ನಿಗದಿ ವಿಭಾಗದ ಮಹನೀಯರು,
ಸಮಸ್ತ ಮೊಬೈಲ್ ಕಂಪನಿಗಳು

ವಿಷಯ: ಒಂದೇ ಫೋನಿನಲ್ಲಿ ಎರಡು ನಂಬರು ಸಾಕಲು ಅವಕಾಶ ಕೊಟ್ಟಿದ್ದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ.

ಮಾನ್ಯರೆ,

ನನ್ನ ಫೋನಿನಲ್ಲಿ ಎರಡು ಸಿಮ್ಮುಗಳಿವೆ. ಒಂದು ದುಡಿಯುತ್ತದೆ, ಇನ್ನೊಂದು ಕೂತು ಉಣ್ಣುತ್ತದೆ. ಇಬ್ಬರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿ, ಇಬ್ಬರ ಊಟದ ದುಡ್ಡನ್ನೂ ನನ್ನಿಂದಲೇ ವಸೂಲು ಮಾಡುವ ತಮ್ಮ ಸಮದೃಷ್ಟಿಗೆ ಮೊದಲು ಕೈಮುಗಿಯುತ್ತೇನೆ.

ಎರಡು ಸಿಮ್ಮಿನ ಆಟ ಶುರುವಾದಾಗ ಗೆಲ್ಲುತ್ತಿದ್ದವರು ನಾವು ಎಂಬುದು ತಮಗೆ ನೆನಪಿರಬಹುದು. ಬಸ್‌ಸ್ಟ್ಯಾಂಡಿನ ಎದುರು ಛತ್ರಿಯ ಕೆಳಗೆ ಹುಡುಗರು ಸಿಮ್ ಮಾರುತ್ತಿದ್ದ ಕಾಲ ಅದು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಇನ್ನೊಬ್ಬರು ತಮ್ಮ ನಂಬರಿನಿಂದ ತಮ್ಮದೇ ನಂಬರಿಗೆ ಮಾತು ಪುಕ್ಕಟೆ ಎಂದರು. ಮೈಕ್ರೋಮ್ಯಾಕ್ಸ್, ಕಾರ್ಬನ್‌ನಂಥವರು ಎರಡು ಸಿಮ್ಮಿನ ಅಗ್ಗದ ಸೆಟ್ಟು ತಂದರು. ಮನೆಯವರ ಜೊತೆ ಒಂದರಲ್ಲಿ, ಅಂಗಡಿ ವ್ಯವಹಾರಕ್ಕೆ ಇನ್ನೊಂದರಲ್ಲಿ ಮಾತಾಡಿ, ನಿಮ್ಮ ನಿಮ್ಮ ಜಗಳದಲ್ಲಿ ನಾವು ನಾಲ್ಕು ಕಾಸು ಉಳಿಸಿಕೊಂಡೆವು. ಈ ಜಾಣತನ ನೋಕಿಯಾಗೆ ಅರ್ಥವಾಗಲು 2010 ಬರಬೇಕಾಯಿತು. ಆಪಲ್ ಕಂಪನಿ 2018ರವರೆಗೂ ಯೋಚಿಸುತ್ತಲೇ ಇತ್ತು.

ಆ ನಾಲ್ಕು ಕಾಸನ್ನು ತಾವು ಮರೆಯಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಹಂಚಿತು. ಅದು ಎಷ್ಟೋ ಜನರ ಎರಡನೇ ಕಿಂಡಿಯಲ್ಲಿ ಕೂತಿತು. ಹಳೇ ನಂಬರು ಬರುವ ಕರೆಗೆ ಮಾತ್ರ ಉಳಿಯಿತು. ಬರುವ ಕರೆಗೆ 2003ರಿಂದಲೇ ಕಾಸಿಲ್ಲ, ಮೇಲಾಗಿ 999 ರೂಪಾಯಿ ಕೊಟ್ಟು ಲೈಫ್‌ಟೈಮ್ ವ್ಯಾಲಿಡಿಟಿ ಹಾಕಿಸಿಕೊಂಡಿದ್ದೇವೆ, ಇನ್ನೇನು ಚಿಂತೆ ಎಂದು ಜನ ಹಾಯಾಗಿದ್ದರು. 2018ರ ಕೊನೆಗೆ ಅಪ್ಪಣೆಯಾಯಿತು: 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕದಿದ್ದರೆ ಬರುವ ಕರೆಯೂ ಬಂದ್. ಲೈಫ್‌ಟೈಮ್ ಹಾಕಿಸಿಕೊಂಡವರು ಇನ್ನೂ ಬದುಕಿರುವುದನ್ನು ತಾವು ದೊಡ್ಡ ಮನಸ್ಸಿನಿಂದ ಕಂಡೂ ಕಾಣದಂತೆ ಇದ್ದುಬಿಟ್ಟಿರಿ.

2024ರ ಜುಲೈ ಹೊತ್ತಿಗೆ ಆ 35 ಬೆಳೆದು, ನಿಮ್ಮಲ್ಲಿ ಕೆಲವರ ಬಳಿ 199 ಆಯಿತು. ಅಷ್ಟು ವರ್ಷದಲ್ಲಿ ಐದು ಪಟ್ಟಿಗೂ ಮೀರಿ ಬೆಳೆದದ್ದು ನಮ್ಮ ಮನೆಯಲ್ಲಿ ಬೇರೇನೂ ಇಲ್ಲ. ಇನ್ನು ತಮ್ಮ ಪಂಚಾಂಗದ ವಿಷಯ. 28 ದಿನದ ತಿಂಗಳಾದ್ದರಿಂದ ವರ್ಷಕ್ಕೆ ಹದಿಮೂರು ರೀಚಾರ್ಜು. ಹದಿಮೂರು ಸಲ 28 ಅಂದರೆ 364. ಮಿಕ್ಕ ಒಂದು ದಿನವನ್ನು ಯಾಕೆ ಬಿಟ್ಟುಕೊಟ್ಟಿರೋ ತಿಳಿಯದು. 30 ದಿನದ ಪ್ಯಾಕನ್ನೂ ಇಡಿ ಎಂದು 2022ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ಹೇಳಿದಾಗ ಇಟ್ಟಿರಿ. ಪಟ್ಟಿಯ ಯಾವ ಮೂಲೆಯಲ್ಲಿ ಎಂಬುದು ಹುಡುಕಿದವರಿಗೆ ಗೊತ್ತು. ಒಬ್ಬರ ಹೆಸರಿನಲ್ಲಿ ಒಂಬತ್ತು ಸಿಮ್ ಇರಬಹುದೆಂದು ನಮ್ಮ ರಾಜ್ಯದಲ್ಲಿ ನಿಯಮ. ಒಂಬತ್ತನ್ನೂ ಬರೀ ಉಸಿರಾಡಿಸಲು 199ರ ಲೆಕ್ಕದಲ್ಲಿ ವರ್ಷಕ್ಕೆ 23,283 ರೂಪಾಯಿ ಬೇಕು. ನಾನು ಎರಡರಲ್ಲೇ ತೃಪ್ತ.

ಬೇಡವಾದರೆ ಬಿಸಾಕಯ್ಯ ಎಂದು ತಾವು ಹೇಳಬಹುದು. ಹಾಗೆ ಹೇಳಬೇಕಾಗಿಲ್ಲ ಎಂಬುದೇ ತಮ್ಮ ಬಲ. ಆ ಹಳೇ ನಂಬರು ಬ್ಯಾಂಕಿನಲ್ಲಿದೆ, ಆಧಾರಿನಲ್ಲಿದೆ, ಗ್ಯಾಸ್ ಏಜೆನ್ಸಿಯಲ್ಲಿದೆ, ಎಲ್‌ಐಸಿ ಪಾಲಿಸಿಯಲ್ಲಿದೆ. ನಾನು ಯಾರೆಂದು ಸರ್ಕಾರಕ್ಕೆ ಖಾತ್ರಿಯಾಗುವುದು ಆ ನಂಬರಿಗೆ ಓಟಿಪಿ ಬಂದಾಗ ಮಾತ್ರ. ಬಿಟ್ಟರೆ ಏನಾಗುತ್ತದೆಂದೂ ಗೊತ್ತು: ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ತಾವು ಇನ್ನೊಬ್ಬರಿಗೆ ಕೊಡಬಹುದು. ಆಮೇಲೆ ನನ್ನ ಓಟಿಪಿ ಯಾರದೋ ಜೇಬಿನಲ್ಲಿ ಟಿಣ್ ಎನ್ನುತ್ತದೆ. ಹೀಗಾಗಿ ನಾನು ತಿಂಗಳು ತಿಂಗಳು ಕಟ್ಟುತ್ತಿರುವುದು ಮಾತಿನ ದುಡ್ಡಲ್ಲ, ನಾನು ನಾನೇ ಎಂದು ಸಾಬೀತು ಮಾಡಿಕೊಳ್ಳುವ ದುಡ್ಡು.

ಅಷ್ಟು ಕಟ್ಟಿಯೂ ಆ ನಂಬರಿಗೆ ಕರೆ ತಾಗುತ್ತದೆಂಬ ಭರವಸೆಯಿಲ್ಲ. ಸಿಮ್ಮು ಎರಡಿದ್ದರೂ ಬಹುಪಾಲು ಫೋನುಗಳ ಒಳಗೆ ಇಬ್ಬರೂ ಹಂಚಿಕೊಳ್ಳುವ ರೇಡಿಯೊ ಒಂದೇ. ಒಂದರಲ್ಲಿ ಮಾತಾಡುವಾಗ ಇನ್ನೊಂದು ಕಿವುಡು. ಆಗ ಊರಿಂದ ಅಮ್ಮ ಹಳೇ ನಂಬರಿಗೆ ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ತಮ್ಮ ಹೆಣ್ಣುಮಗಳು ಮಧುರವಾಗಿ ಹೇಳುತ್ತಾಳೆ. “ಬೆಂಗ್ಳೂರಲ್ಲೇ ಇರ್ತೀನಿ ಅಂತೀಯ, ಆ ಹುಡುಗಿ ನೋಡಿದ್ರೆ ಹೊರಗೆ ಹೋಗಿದಾನೆ ಅಂತಾಳೆ, ಯಾರನ್ನ ನಂಬ್ಲಿ?” ಎಂದು ಅಮ್ಮ ಕೇಳುತ್ತಾಳೆ. ಅವಳ ಒಲವು ಆ ಹುಡುಗಿಯ ಕಡೆಗೇ.

2024ರ ಜೂನಿನಲ್ಲಿ ಎರಡನೇ ಸಿಮ್ ಇಟ್ಟುಕೊಂಡವರಿಗೆ ಶುಲ್ಕ ಬೀಳುತ್ತದೆಂದು ಸುದ್ದಿ ಹಬ್ಬಿತು. ಅದು ಶುದ್ಧ ಸುಳ್ಳೆಂದು ಟ್ರಾಯ್ ಹೇಳಿಕೆ ಕೊಟ್ಟಿತು. ಜನ ನಿಟ್ಟುಸಿರು ಬಿಟ್ಟು, ಎಂದಿನಂತೆ ಎರಡನೇ ಸಿಮ್ಮಿಗೆ ರೀಚಾರ್ಜ್ ಮಾಡಿಸಿದರು. ಅದೇ ಡಿಸೆಂಬರಿನಲ್ಲಿ, ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕು ಕೊಡಿ ಎಂದು ಟ್ರಾಯ್ ಆದೇಶಿಸಿತು. ತಾವು ಕೂಡಲೇ ತಲೆಬಾಗಿ 84 ದಿನದ ಪ್ಯಾಕು ತಂದಿರಿ, ಬೆಲೆ ನಾನೂರರ ಮೇಲೆ. ತಿಂಗಳಿಗೊಂದು ಓಟಿಪಿ ಬರುವವನಿಗೆ ಎಷ್ಟು ಬೇಕಾದರೂ ಮಾತಾಡು ಎಂದದ್ದು ತಮ್ಮ ಔದಾರ್ಯ.

ತಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಬರುವ ಕರೆಯೊಂದಕ್ಕೆ ಆಚೆ ಕಂಪನಿಯಿಂದ ಸಿಗುತ್ತಿದ್ದ ನಿಮಿಷಕ್ಕೆ 6 ಪೈಸೆಯೂ 2021ರ ಜನವರಿಯಿಂದ ನಿಂತಿದೆ. ಟವರಿಗೆ ಕರೆಂಟ್ ಬಿಲ್ ಇದೆ, ಸ್ಪೆಕ್ಟ್ರಮ್ಮಿಗೆ ಸಾಲವಿದೆ. ಆದ್ದರಿಂದ ಪುಕ್ಕಟೆ ಕೇಳುತ್ತಿಲ್ಲ. ಬರುವ ಕರೆ, ಬರುವ ಓಟಿಪಿ, ಇಷ್ಟಕ್ಕೇ ಒಂದು ಸಣ್ಣ ದರ ಇಡಿ. ಅದಾಗದಿದ್ದರೆ ಈ ಕೆಳಗಿನವನ್ನಾದರೂ ದಯಪಾಲಿಸಿ:

1. ವರ್ಷಕ್ಕೆ ಹದಿಮೂರು ತಿಂಗಳೆಂದು ನನ್ನ ಆಫೀಸಿಗೂ ಒಂದು ಪತ್ರ ಬರೆದು, ಹದಿಮೂರನೆಯ ಸಂಬಳ ಕೊಡಿಸುವುದು.

2. ನನ್ನ ನಂಬರು ಬೇರೆಯವರಿಗೆ ಕೊಡುವ ದಿನ, ಪರ್ಸನಲ್ ಲೋನ್ ಬೇಕಾ ಸಾರ್ ಎಂಬ ಕರೆಗಳನ್ನೂ ತಪ್ಪದೆ ಅವರಿಗೇ ಒಪ್ಪಿಸುವುದು.

3. ರೀಚಾರ್ಜ್ ಮುಗಿಯುವ ವಾರದಲ್ಲಿ ತಾವು ಕಳಿಸುವ ಎಸ್ಸೆಮ್ಮೆಸ್ಸುಗಳಿಗೆ ತಲಾ ಒಂದು ರೂಪಾಯಿ ನನ್ನ ಖಾತೆಗೆ ಜಮಾ ಮಾಡುವುದು. ಎರಡೂ ಸಿಮ್ಮಿನ ಖರ್ಚು ಅದರಲ್ಲೇ ಕಳೆದು, ಒಂದಿಷ್ಟು ಮಿಗುತ್ತದೆ.

ಇತಿ ತಮ್ಮ ವಿಧೇಯ,
ಸಿಮ್ ಒಂದು ಮತ್ತು ಸಿಮ್ ಎರಡರ ಏಕಮಾತ್ರ ವಾರಸುದಾರ

ವಿ.ಸೂ.: ಈ ಪತ್ರಕ್ಕೆ ಉತ್ತರಿಸುವ ಮುನ್ನ ನಾನು ನಾನೇ ಹೌದೋ ಎಂದು ಖಚಿತಪಡಿಸಿಕೊಳ್ಳಲು ತಾವು ಓಟಿಪಿ ಕಳಿಸಬಹುದು. ಕಳಿಸುವುದಿದ್ದರೆ ಬೇಗ ಕಳಿಸಿ. ಆ ನಂಬರಿನ ವ್ಯಾಲಿಡಿಟಿ ನಾಳೆಗೆ ಮುಗಿಯುತ್ತದೆ.