ಶಿಖರಕ್ಕೆ ಹತ್ತಿಯೇ ಅಡ್ಡ

ರಾಯಚೂರು ಜಿಲ್ಲೆಯ ಮಸರಕಲ್ಲಿನ ಗೆಳೆಯರ ಗುಂಪು ಡಿಸೆಂಬರಿನಲ್ಲಿ ಮುಳ್ಳಯ್ಯನಗಿರಿ ಹತ್ತುವುದಿಲ್ಲ ಎಂಬುದು ನನ್ನ ವಾದ. ಕಾರಣ ಚಳಿಯಲ್ಲ, ಹತ್ತಿ. ಸುಮಾರು 1,930 ಮೀಟರ್ ಎತ್ತರದ ಆ ಶಿಖರ ಚೆಂದ ಕಾಣುವ ಹೊತ್ತಿಗೇ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ, ಕಾಲುವೆ ಕೆಳಗೆ ಭತ್ತದ ರಾಶಿ. ಸಾಲದ್ದಕ್ಕೆ, ಗಾಡಿಗೆ ಮುಂಗಡ ಯಾರು ಕೊಡಬೇಕೆಂಬ ಮಾತು ಬಂದೊಡನೆ ಎಲ್ಲರ ಮೊಬೈಲಿಗೂ ನೆಟ್‌ವರ್ಕ್ ಹೋಗುತ್ತದೆ. ಬೇಸಿಗೆಯಲ್ಲಿ ಹೋಗಬಹುದಲ್ಲ ಎಂದೀರಿ. ಬಿಡುವೇನೋ ಇರುತ್ತದೆ, ಆದರೆ ಆಗ ಮದುವೆಗಳ ಸಾಲು. ತಪ್ಪಿಸಿಕೊಂಡರೆ ಬೀಗರು ಬಿಟ್ಟಾರೆಯೇ? ರಾಯಚೂರು ಕೋಟೆಯ ಗುಡ್ಡ ಸಾಲದೇ ಎನ್ನುವವರೂ ಇದ್ದಾರೆ. ಅಲ್ಲಿ ಸ್ವೆಟರ್ ಹಾಕಿ ಫೋಟೊ ತೆಗೆಸಿಕೊಂಡರೆ ನಂಬುವವರಾರು? ಎಳ್ಳಮಾವಾಸ್ಯೆಗೆ ಮಾತ್ರ ಯಾವ ಮೀಟಿಂಗೂ ಇಲ್ಲದೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಊರೇ ಹೊಲಕ್ಕೆ ಹೊರಡುತ್ತದೆ. ಶಿಖರಕ್ಕೂ ಹೋಗಲೇಬೇಕೆಂದರೆ ಹತ್ತಿ ಮಾರಿ, ಸಂಕ್ರಾಂತಿ ಕಳೆದ ಮೇಲೆ ತಾರೀಖು ಹಿಡಿಯಿರಿ. ಮುಂಗಡ ಮಾತ್ರ ಹತ್ತಿ ಮಾರಿದ ದಿನವೇ ವಸೂಲಿ ಮಾಡಿ.