ಹಿಂದಿನ ಸೀಟಿನ ಯಜಮಾನ

ನಾಯಿ ಕಟ್ಟಿಕೊಂಡು ದೂರ ಹೊರಟವರಿಗೆ ಎದುರಾದ ಮೊದಲ ಟಿಕೆಟ್ ಕಲೆಕ್ಟರು ಸಾಕ್ಷಾತ್ ಇಂದ್ರ. ಮಹಾಪ್ರಸ್ಥಾನದಲ್ಲಿ ಹೆಂಡತಿ, ತಮ್ಮಂದಿರೆಲ್ಲ ದಾರಿಯಲ್ಲೇ ಉರುಳಿದ ಮೇಲೂ ಧರ್ಮರಾಯನ ಬೆನ್ನು ಬಿಡದೆ ಬಂದದ್ದು ಒಂದು ನಾಯಿ. ರಥ ತಂದ ಇಂದ್ರ, ನಾಯಿ ಇರುವವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಎಂದ. ಹಾಗಾದರೆ ನನಗೂ ಬೇಡ ಎಂದ ಧರ್ಮರಾಯ. ಕೊನೆಗೆ ಆ ನಾಯಿ ಯಮಧರ್ಮನೇ ಎಂದು ತಿಳಿದು ಎಲ್ಲ ಸುಸೂತ್ರವಾಯಿತು. ನಮ್ಮ ಕೆಂಚನಿಗೆ ಅಂಥ ಶಿಫಾರಸಿಲ್ಲ. ಅವನು ಹೈದರಾಬಾದಿನ ಕಾಚಿಗುಡದಲ್ಲಿ, ಇರಾನಿ ಹೋಟೆಲೊಂದರ ಮುಂದೆ ಉಸ್ಮಾನಿಯಾ ಬಿಸ್ಕತ್ತಿನ ಚೂರು ತಿಂದು ಬೆಳೆದ ಬೀದಿಯ ಮಗ.

ಕಾಚಿಗುಡದಿಂದ ಮೈಸೂರಿಗೆ ರೈಲೇನೋ ಇದೆ. ಆದರೆ ಫಸ್ಟ್ ಎಸಿಯಲ್ಲಿ ಇಡೀ ಕೂಪೆ ನಮ್ಮದಾದರೆ ಮಾತ್ರ ನಾಯಿ ನಮ್ಮ ಜೊತೆ. ಇಲ್ಲದಿದ್ದರೆ ಗಾರ್ಡ್ ಡಬ್ಬಿಯ ಪೆಟ್ಟಿಗೆಯೊಳಗೆ ಒಬ್ಬಂಟಿ. ಅವನ ಬಾಬ್ತು ಲಗೇಜಿನ ಲೆಕ್ಕದಲ್ಲಿ ಪಾರ್ಸೆಲ್ ಆಫೀಸಿನಲ್ಲಿ ಬುಕ್ ಆಗಬೇಕು.

“ಅವನೇನು ಲಗೇಜಾ?” ಎಂದಳು ನನ್ನಾಕೆ. ಕಾರು ಹೊರಟಿತು.

ಹಿಂದಿನ ಸೀಟಿಗೆ ಹಳೇ ಜಮಖಾನ ಹಾಸಿದ್ದೆವು. ಶಂಷಾಬಾದ್ ದಾಟುವ ಹೊತ್ತಿಗೆ ಅದು ಅವನ ಹೆಸರಿಗೆ ಖಾತೆಯಾಗಿತ್ತು.

ರಾಷ್ಟ್ರೀಯ ಹೆದ್ದಾರಿ 44 ಶ್ರೀನಗರದಿಂದ ಕನ್ಯಾಕುಮಾರಿಯವರೆಗೆ ಓಡುವ ರಸ್ತೆ. ಹೈದರಾಬಾದಿನಿಂದ ಬೆಂಗಳೂರಿಗೆ ಸುಮಾರು 570 ಕಿಲೋಮೀಟರ್. ಎಂಟೇ ಗಂಟೆಯಲ್ಲಿ ಮುಟ್ಟಿದೆ ಎಂದು ಮದುವೆ ಮನೆಗಳಲ್ಲಿ ಕೊಚ್ಚಿಕೊಳ್ಳುವವರಿದ್ದಾರೆ. ಅವರ ಕಾರಿನಲ್ಲಿ ನಾಯಿ ಇರಲಿಲ್ಲ ಎಂದೇ ಅರ್ಥ. ಕೆಂಚನ ಭೂಪಟದಲ್ಲಿ ಊರುಗಳಿಲ್ಲ, ಕಂಬಗಳಿವೆ. ಜಡ್ಚರ್ಲದ ಬಳಿ ಒಂದು, ಬೀಚುಪಲ್ಲಿಯಲ್ಲಿ ಕೃಷ್ಣೆ ದಾಟುವ ಮುಂಚೆ ಒಂದು, ದಾಟಿದ ಮೇಲೆ ಸಮಾಧಾನಕ್ಕೆ ಇನ್ನೊಂದು. ಇಷ್ಟು ವರ್ಷ ಆ ಸೇತುವೆಯ ಮೇಲೆ ಭರ್ರೆಂದು ಹೋದವನು ನಾನು. ಆಂಜನೇಯನ ಗುಡಿ ಅಲ್ಲಿದೆಯೆಂದು ಕಣ್ಣೆತ್ತಿ ನೋಡಿದ್ದು ಈಗಲೇ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಆ ನಡಿಗಡ್ಡೆ ಸೀಮೆಯ ಮಣ್ಣು ಎಲ್ಲಿ ಕಪ್ಪು, ಎಲ್ಲಿ ಕೆಂಪು ಎಂಬುದು ಅವನ ಪಾದಗಳ ದೆಸೆಯಿಂದ ಸೀಟಿನ ಮೇಲೆ ದಾಖಲಾಗಿದೆ.

ನಿಂತಲ್ಲೆಲ್ಲ ಜನ ಕೇಳುವುದು ಒಂದೇ. ಊರು ಬಿಡುವಾಗ ಪೆಟ್ರೋಲ್ ಬಂಕಿನವನು “ಕಾಟ್ತಾ ಕ್ಯಾ?” ಎಂದ. ಕರ್ನೂಲಿನ ಆಚೀಚೆ “ಕರುಸ್ತಾದಾ ಸಾರ್?” ಬಾಗೇಪಲ್ಲಿಯ ಹತ್ತಿರ ಕರ್ನಾಟಕ ಶುರುವಾದರೂ ತೆಲುಗು ಬಿಡಲಿಲ್ಲ, ದೇವನಹಳ್ಳಿ ಬಂದ ಮೇಲೆಯೇ “ಕಚ್ಚುತ್ತಾ ಸಾರ್?” ನಾನು ಯಾರು, ಎಲ್ಲಿಗೆ ಹೊರಟೆ ಎಂದು ವಿಚಾರಿಸಿದವರು ಒಬ್ಬರೂ ಇಲ್ಲ. ಅವನ ಹೆಸರು ಮಾತ್ರ ಎಲ್ಲರಿಗೂ ಬೇಕು.

ಮೈಸೂರು ದಾರಿಯಲ್ಲಿ ಮದ್ದೂರು ಬಂದಾಗ ಎಲ್ಲರಿಗೂ ವಡೆಯ ನೆನಪಾಗುತ್ತದೆ. ನನಗೆ ಕಾಳಿಯ ನೆನಪಾಯಿತು. ಆ ತಾಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಶಾಸನವೊಂದು ಸಿಕ್ಕಿತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಡೆ ಕಾದಿದ ಗಂಗರ ದೊರೆ ಬೂತುಗ ತನ್ನ ಬಂಟ ಮಣಲೆರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೋ ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ತಮಿಳು ಸೀಮೆಯ ರಣರಂಗದಿಂದ ಮಂಡ್ಯದ ಕಡೆಗೆ ಬಂದ ಕಾಳಿಗೆ ಯಾವ ಸೀಟು ಸಿಕ್ಕಿತ್ತೋ! ಮುಂದೆ ಕಾಡುಹಂದಿಯೊಂದಿಗೆ ಕಾದಾಡಿ ಎರಡೂ ಸತ್ತವು. ಕಾಳಿಗೆ ವೀರಗಲ್ಲು ನಿಂತಿತು, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಪೂಜಾರಿ ಗೊರವ ಉಂಡರೆ ನಾಯಿಯ ಪಾಪ ತಗಲುತ್ತದೆ ಎಂಬ ಎಚ್ಚರಿಕೆಯೂ ಅದರಲ್ಲಿದೆ. ಕೆಂಚನ ಎದುರು ವಡೆಯ ತಟ್ಟೆ ಹಿಡಿದು ಕೂತವರಿಗೆ ಆ ಪಾಪದ ಸ್ವರೂಪ ಬಿಡಿಸಿ ಹೇಳಬೇಕಿಲ್ಲ.

ಮೈಸೂರಿನಲ್ಲಿ ಅಮ್ಮ, “ಜಗಲೀಲೇ ಇರ್ಲಪ್ಪ, ಒಳಗೆ ಬೇಡ” ಎಂದಳು. ಇಂದ್ರನ ಮಾತೇ. ಆಮೇಲೆ ಮೊಸರನ್ನ ಮಾತ್ರ ದಿನಾ ತಾನೇ ಕಲಸಿ ಹಾಕಿದಳು.

ವಾಪಸಾಗುವಾಗ ತೆಂಗಿನಕಾಯಿ ಮೂಟೆ, ಹಪ್ಪಳದ ಡಬ್ಬ, ಹುಳಿಪುಡಿ, ನಂಜನಗೂಡಿನ ರಸಬಾಳೆ. ಡಿಕ್ಕಿ ತುಂಬಿತು.

“ಡಬ್ಬ ಹಿಂದಿನ ಸೀಟಿನಲ್ಲಿಡಲಾ?” ಎಂದೆ.

“ಅದು ಕೆಂಚಂದು ಕಣ್ರೀ.”

ಸ್ಟಿಯರಿಂಗ್ ಅವಳದಾಯಿತು. ಕಾಲಡಿ ತೆಂಗಿನಕಾಯಿ, ತೊಡೆಯ ಮೇಲೆ ಡಬ್ಬ, ಅದರ ಮೇಲೆ ಬಾಳೆಗೊನೆ ಇಟ್ಟುಕೊಂಡು ನಾನು ಪಕ್ಕದಲ್ಲಿ ಕೂತೆ. ಗುತ್ತಿಯ ಹತ್ತಿರ ಚಹಾ ತಂದ ಹುಡುಗ ಕಾರಿನೊಳಗೆ ಇಣುಕಿ, “ಕರುಸ್ತಾದಾ ಮೇಡಂ?” ಎಂದ.

ಹಿಂದಿರೋದು ಕಚ್ಚಲ್ಲ ಎಂದು ನನ್ನಾಕೆ ತೆಲುಗಿನಲ್ಲಿ ಹೇಳಿದಳು.