ಷರಾ ಕಾಲಂ

ಕಳ್ಳರಿಗೆ ನಾನು ಹೆದರುವವನಲ್ಲ. ನನ್ನ ಪಾಸ್‌ಬುಕ್ ಕಳ್ಳನ ಕೈಗೆ ಸಿಕ್ಕರೆ ಅವನೇ ಮರುಗಿ ಒಂದಿಷ್ಟು ಜಮಾ ಮಾಡಿಯಾನು. ನನಗೆ ಭಯವಿರುವುದು ನೆಂಟರದು. ಹೀಗಾಗಿ ನನ್ನ ಹೆಂಡತಿ, "ಹಳೇ ಕಂಪ್ಯೂಟರನ್ನ ನಮ್ಮಕ್ಕನ ಮಗನಿಗೆ ಕೊಟ್ಟುಬಿಡೋಣ, ಪಾಪ, ಓದೋ ಹುಡುಗ" ಎಂದಾಗ ನನ್ನ ಎದೆ ಧಸಕ್ಕೆಂದಿತು.

ಅದರೊಳಗೆ ನಮ್ಮ ಮಗಳ ಮದುವೆಯ ಮುಯ್ಯಿ ಲೆಕ್ಕವಿತ್ತು. ಹೆಸರು, ಊರು, ಕೊಟ್ಟದ್ದು ಎಂಬ ಕಾಲಂಗಳಾದ ಮೇಲೆ 'ಷರಾ' ಎಂದು ಇನ್ನೊಂದು. "ಕವರು ಭಾರಿ, ಒಳಗೆ ನೂರಾ ಒಂದು." "ಊಟಕ್ಕೆ ಆರು ಜನ, ಕೈಯಲ್ಲಿ ಒಂದು ಹೂಗುಚ್ಛ." ನನ್ನ ಷಡ್ಡಕರ ಸಾಲಿನಲ್ಲಿ: "ಗೋಡೆ ಗಡಿಯಾರ. ಅವರ ಗೃಹಪ್ರವೇಶಕ್ಕೆ ನಾವೇ ಕೊಟ್ಟದ್ದು." ಇದು ಸಾಲದೆಂಬಂತೆ, ನಾವು ಬೇಡವೆಂದ ಜಾತಕಗಳೂ, ಬೇಡವೆಂದದ್ದರ ಅಸಲಿ ಕಾರಣಗಳೂ ಅಲ್ಲೇ ಇದ್ದವು.

"ಡಿಲೀಟ್ ಮಾಡಿದರಾಯ್ತು" ಎಂದಳು. ಅಷ್ಟು ಸುಲಭವಿದ್ದಿದ್ದರೆ! ಡಿಲೀಟ್ ಮಾಡುವುದು, ಅವಸರದ ಫಾರ್ಮ್ಯಾಟ್ ಮಾಡುವುದು ಎರಡೂ ಬಾಗಿಲ ನಾಮಫಲಕ ಕಿತ್ತು ಮನೆ ಖಾಲಿಯಾಯಿತು ಎಂದಂತೆ. ಒಳಗಿನವರು ಒಳಗೇ ಇರುತ್ತಾರೆ. ಎಂಐಟಿಯ ಇಬ್ಬರು ವಿದ್ಯಾರ್ಥಿಗಳು, ಗಾರ್ಫಿಂಕೆಲ್ ಮತ್ತು ಶೆಲಾಟ್, ಬಳಸಿ ಮಾರಿದ 158 ಹಾರ್ಡ್ ಡಿಸ್ಕುಗಳನ್ನು ಕೊಂಡು ತಡಕಾಡಿ 2003ರಲ್ಲಿ ಪ್ರಬಂಧ ಬರೆದರು. ಕೆಲಸ ಮಾಡುತ್ತಿದ್ದವು 129. ಸರಿಯಾಗಿ ಅಳಿಸಿದ್ದವು ಹನ್ನೆರಡೇ. ಒಂದಂತೂ ಎಟಿಎಂನದ್ದೆಂದು ಕಾಣುತ್ತಿತ್ತು, ವ್ಯವಹಾರದ ದಾಖಲೆಗಳ ಸಮೇತ! ಎಟಿಎಂನ ಗತಿಯೇ ಹೀಗಾದರೆ ನನ್ನ ಷರಾದ ಗತಿ?

ಅಳಿಸುವುದಕ್ಕೂ ಶಾಸ್ತ್ರವಿದೆ. ಬರೆದದ್ದರ ಮೇಲೆ ಬೇರೇನಾದರೂ ತುಂಬಬೇಕು. 1996ರಲ್ಲಿ ಪೀಟರ್ ಗಟ್‌ಮನ್ ಎಂಬ ಪಂಡಿತರು 35 ಸಲ ಬರೆಯುವ ವಿಧಾನ ಕೊಟ್ಟರು. "ಮೂವತ್ತೈದಾ? ದೃಷ್ಟಿ ತೆಗೆಯೋಕೂ ಮೂರೇ ಸಲ ಸಾಕು" ಎಂದಳು ನನ್ನವಳು. ಆಮೇಲೆ ಗಟ್‌ಮನ್ನರೂ ಹೆಚ್ಚುಕಮ್ಮಿ ಅವಳ ದಾರಿಗೇ ಬಂದರು: ಅಷ್ಟೂ ಸಲ ಎಲ್ಲ ಡಿಸ್ಕಿಗೂ ಬೇಡ, ಜನ ಅದನ್ನು ಮಂತ್ರದಂತೆ ಜಪಿಸತೊಡಗಿದ್ದಾರೆ ಎಂದರು. ಈಗಿನ ಹಾರ್ಡ್ ಡಿಸ್ಕಿಗೆ ಒಂದು ಸಲ ಪೂರ್ತಿ ಬರೆದರೆ ಮನೆಮಟ್ಟಿಗೆ ಧಾರಾಳವಾಯಿತು. ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಬರೆದಿಡುವ ಎಸ್‌ಎಸ್‌ಡಿಯ ಜಾಯಮಾನ ಬೇರೆ. ಒಂದೇ ಜಾಗ ಸವೆಯಬಾರದೆಂದು ಅದು ಹೊಸದನ್ನು ಬೇರೆಡೆ ಬರೆದುಕೊಂಡು ಹಳೆಯದನ್ನು ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ, ಥೇಟ್ ನಮ್ಮತ್ತೆ. ಅದಕ್ಕೆ ಅದರೊಳಗೇ ಇರುವ 'ಸೆಕ್ಯೂರ್ ಇರೇಸ್' ಆಜ್ಞೆಯನ್ನೇ ಕೊಡಬೇಕು.

ನಮ್ಮದು ಹಳೇ ಕಾಲದ ತಿರುಗುವ ಡಿಸ್ಕು. ಅಳಿಸುವ ತಂತ್ರಾಂಶ ಹಾಕಿ ರಾತ್ರಿಯೆಲ್ಲ ಕಾವಲು ಕೂತೆ. ನೀಲಿ ಪರದೆಯ ಮೇಲೆ ಶೇಕಡಾ ಅಂಕಿ ತೆವಳುತ್ತಿತ್ತು. ಕಾಫಿ ತಂದ ಹೆಂಡತಿಗೆ ಗಾರ್ಡಿಯನ್ ಪತ್ರಿಕೆಯ ಕಥೆ ಹೇಳಿದೆ. ಅಮೆರಿಕದ ಬೇಹುಗಾರಿಕೆಯ ಗುಟ್ಟು ಬಯಲು ಮಾಡಿದ ಸ್ನೋಡೆನ್ ಕೊಟ್ಟ ಕಡತಗಳಿದ್ದ ಕಂಪ್ಯೂಟರುಗಳನ್ನು ಪತ್ರಿಕೆಯವರೇ 2013ರ ಜುಲೈನಲ್ಲಿ ಲಂಡನ್ ಕಚೇರಿಯ ನೆಲಮಾಳಿಗೆಯಲ್ಲಿ, ಬ್ರಿಟನ್ನಿನ ಗೂಢಚಾರ ಅಧಿಕಾರಿಗಳ ಕಣ್ಣೆದುರೇ ಗ್ರೈಂಡರು, ಡ್ರಿಲ್ಲು ಹಿಡಿದು ಪುಡಿಗಟ್ಟಿದರು. ಕಡತಗಳ ಪ್ರತಿ ಬೇರೆ ದೇಶದಲ್ಲಿ ಕ್ಷೇಮವಾಗಿದ್ದದ್ದು ಎಲ್ಲರಿಗೂ ಗೊತ್ತಿತ್ತು.

"ಹಾಗಾದರೆ ನೀವ್ಯಾಕೆ ನಿದ್ದೆಗೆಡ್ತಿದ್ದೀರಿ?" ಎಂದಳು. "ಆ ಮುಯ್ಯಿ ಪಟ್ಟಿ ಅಕ್ಕನ ಹತ್ತಿರ ಇದೆಯಲ್ಲ. ಅವಳ ಮಗಳ ಮದುವೆಗೆ ಯಾರನ್ನ ಕರೆಯೋದು ಅಂತ ಕೇಳಿದ್ದಳು, ಮೇಲ್ ಮಾಡಿದ್ದೆ."

"ಷರಾ ಕಾಲಂ ಸಮೇತ?"

"ಮತ್ತೆ? ಹೋದ ದೀಪಾವಳಿಗೆ ಹೊಸ ಗಡಿಯಾರ ಯಾಕೆ ಬಂತು ಅಂದುಕೊಂಡಿದ್ದೀರಿ!"